ಒಂದು ಸೆಮಿಸ್ಟರ್ ವಿದೇಶದಲ್ಲಿ: ಡಿಸೈನ್ ವಿದ್ಯಾರ್ಥಿಗಳು ಎಡವುವುದು ಎಲ್ಲಿ?

ಕಾಲೇಜಿನ ಬ್ರೋಶರ್‌ನಲ್ಲಿ ಹದಿನೈದು ದೇಶಗಳ ಬಾವುಟ ಇದ್ದ ಮಾತ್ರಕ್ಕೆ ಹದಿನೈದು ಕಡೆ ಸೀಟು ಇದೆ ಎಂದಲ್ಲ. ಎರಡು ಕಾಲೇಜುಗಳ ನಡುವಿನ ಎಂಒಯು ಎಂದರೆ "ಮುಂದೆ ಏನಾದರೂ ಒಟ್ಟಿಗೆ ಮಾಡೋಣ" ಎಂಬಷ್ಟೇ ಕಾಗದ. ಸೀಟು ಸಿಗುವುದು ಎಕ್ಸ್‌ಚೇಂಜ್ ಒಪ್ಪಂದದಿಂದ, ಅದು ಬೇರೆಯೇ. 1990ರಲ್ಲಿ ಶುರುವಾದ ಕ್ಯುಮುಲಸ್‌ನಂಥ ಡಿಸೈನ್ ಕಾಲೇಜುಗಳ ಕೂಟಕ್ಕೂ ಇದೇ ಮಾತು. ಅದರ ಸಮ್ಮೇಳನ 2017ರಲ್ಲಿ ಬೆಂಗಳೂರಿನಲ್ಲೇ ಆಗಿದೆ, ಆದರೆ ಕೂಟದ ಸದಸ್ಯತ್ವ ಯಾರಿಗೂ ಸೀಟು ಕೊಡುವುದಿಲ್ಲ.

ಹಾಗಾಗಿ ಇಂಟರ್‌ನ್ಯಾಷನಲ್ ಆಫೀಸಿಗೆ ಹೋದಾಗ ಹೀಗೆ ಕೇಳಿ: ನಮ್ಮ ವಿಭಾಗಕ್ಕೆ, ಈ ವರ್ಷ, ಬ್ಯಾಚುಲರ್ ಮಟ್ಟದಲ್ಲಿ ಎಷ್ಟು ಸೀಟು? ಇಂಥ ಒಪ್ಪಂದಗಳು ಸಾಮಾನ್ಯವಾಗಿ ಕೊಡು-ಕೊಳ್ಳುವ ಲೆಕ್ಕದವು. ಅಲ್ಲಿಂದ ಒಬ್ಬರು ಬಂದರೆ ಇಲ್ಲಿಂದ ಒಬ್ಬರು ಹೋಗಬಹುದು. ಬರುವವರೇ ಇಲ್ಲದಿದ್ದರೆ ಎರಡು ಮೂರು ವರ್ಷದಲ್ಲಿ ಸೀಟು ಬತ್ತುತ್ತದೆ. ಹೊರಗಿನಿಂದ ಬಂದವರಿಗೆ ಮನೆ ಹುಡುಕಿಕೊಡುವ ವಿಭಾಗಗಳ ಒಪ್ಪಂದ ಬಾಳಿಕೆ ಬರುವುದು ಸುಮ್ಮನೆ ಅಲ್ಲ.

ಮುಂದಿನ ತೊಡಕು ಕ್ಯಾಲೆಂಡರ್. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರುವಾಗಿ ಪಾಠ ಫೆಬ್ರವರಿಯವರೆಗೆ ಎಳೆಯುತ್ತದೆ. ನಮ್ಮಲ್ಲಿ ಸಮ ಸೆಮಿಸ್ಟರ್ (2, 4, 6ನೆಯದು) ಜನವರಿಯಲ್ಲೇ ಆರಂಭ. ವಾಪಸ್ ಬರುವಷ್ಟರಲ್ಲಿ ಸ್ಟುಡಿಯೋದ ಆರು ವಾರ ಹೋಗಿರುತ್ತದೆ, ಹಾಜರಾತಿಯೂ ಹೋಗಿರುತ್ತದೆ. ಫಿನ್‌ಲೆಂಡ್‌ನಲ್ಲಿ ಶರತ್ಕಾಲದ ಪಾಠಗಳು ಡಿಸೆಂಬರ್‌ಗೆ ಮುಗಿಯುವುದರಿಂದ ಹೆಲ್ಸಿಂಕಿ ಪಕ್ಕದ ಆಲ್ಟೋ ವಿಶ್ವವಿದ್ಯಾಲಯದಂಥ ಕಡೆಗೆ ಹೋಗುವವರಿಗೆ ಈ ತಲೆನೋವು ಕಡಿಮೆ. ಕೆಲವರು ಊರು ನೋಡಿ ಕಾಲೇಜು ಆರಿಸುತ್ತಾರೆ. ನನ್ನ ಕೇಳಿದರೆ, ಮೊದಲು ತಾರೀಖು ನೋಡಿ.

ಆಮೇಲೆ ಕ್ರೆಡಿಟ್. ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ, ಪೋರ್ಟ್‌ಫೋಲಿಯೋಗಲ್ಲ. ಯುರೋಪಿನಲ್ಲಿ ಒಂದು ಸೆಮಿಸ್ಟರ್ ಎಂದರೆ 30 ಇಸಿಟಿಎಸ್, ಅಂದರೆ ಅಲ್ಲಿಯ ಕ್ರೆಡಿಟ್. ಒಂದು ಇಸಿಟಿಎಸ್‌ಗೆ 25ರಿಂದ 30 ಗಂಟೆ ಕೆಲಸ, ಮನೆಯಲ್ಲಿ ಮಾಡಿದ್ದೂ ಸೇರಿ. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40 ಕ್ರೆಡಿಟ್, 1,200 ಗಂಟೆ. ಅಂದರೆ ವರ್ಷದ ಲೆಕ್ಕದಲ್ಲಿ ಅಲ್ಲಿಯ 60 ಇಲ್ಲಿಯ 40ಕ್ಕೆ ಸಮ, ಒಂದೂವರೆಗೆ ಒಂದು. ಈ ಲೆಕ್ಕ ಗೊತ್ತಿಲ್ಲದೆ 20 ಕ್ರೆಡಿಟ್ ಬೇಕೆಂದು 20 ಇಸಿಟಿಎಸ್ ಮಾಡಿ ಬಂದರೆ ಇಲ್ಲಿ ಸಿಗುವುದು 13 ಚಿಲ್ಲರೆ.

ಇದನ್ನು ಬರಹದಲ್ಲಿ ಕಟ್ಟಿಹಾಕುವ ಕಾಗದವೇ ಲರ್ನಿಂಗ್ ಅಗ್ರಿಮೆಂಟ್. ಅಲ್ಲಿ ಯಾವ ಕೋರ್ಸ್, ಇಲ್ಲಿ ಯಾವುದರ ಬದಲಿಗೆ ಎಂದು ಎದುರುಬದುರು ಬರೆದು ವಿದ್ಯಾರ್ಥಿ, ಇಲ್ಲಿಯ ಕಾಲೇಜು, ಅಲ್ಲಿಯ ಕಾಲೇಜು, ಮೂವರೂ ಸಹಿ ಹಾಕಬೇಕು. ಎಡವಟ್ಟಾಗುವುದು ಹೋದ ಮೇಲೆ. ಸೆರಾಮಿಕ್ಸ್ ಕೋರ್ಸ್ ತುಂಬಿದೆ, ಬದಲಿಗೆ ಟೈಪೋಗ್ರಫಿ ತಗೊಳ್ಳಿ ಅನ್ನುತ್ತಾರೆ. ವಿದ್ಯಾರ್ಥಿ ಖುಷಿಯಾಗಿ ತಗೊಳ್ಳುತ್ತಾನೆ, ಕಾಗದ ತಿದ್ದುವುದಿಲ್ಲ. ವಾಪಸ್ ಬಂದಾಗ ಪರೀಕ್ಷಾ ವಿಭಾಗದವರಿಗೆ ಆ ಟೈಪೋಗ್ರಫಿ ಯಾವ ಪತ್ರಿಕೆಗೆ ಸಮ ಎಂದು ಗೊತ್ತಾಗುವುದಿಲ್ಲ. ಬದಲಾವಣೆಗೆ ಅದೇ ಫಾರ್ಮ್‌ನಲ್ಲಿ ಬೇರೆ ಭಾಗವಿದೆ. ಪಾಠ ಶುರುವಾದ ಮೊದಲ ವಾರಗಳಲ್ಲೇ ತುಂಬಿಸಿ ಮೂವರ ಸಹಿಯನ್ನೂ ಮತ್ತೆ ಪಡೆಯಿರಿ.

ಗ್ರೇಡ್ ಇನ್ನೊಂದು ಗುಂಡಿ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. 1.3 ತಂದ ಹುಡುಗಿಯ ಅಂಕವನ್ನು ಹತ್ತಕ್ಕೆ 1.3 ಎಂದು ನಮೂದಿಸಿಬಿಟ್ಟರೆ ಏನಾಗುತ್ತದೆ, ಯೋಚಿಸಿ. ಹೊರದೇಶದ ಅಂಕವನ್ನು ಜರ್ಮನ್ ಗ್ರೇಡಿಗೆ ಬದಲಿಸಲು ಅಲ್ಲಿ ಬಳಸುವ ಮಾರ್ಪಡಿತ ಬವೇರಿಯನ್ ಸೂತ್ರವನ್ನು ತಿರುಗಿಸಿದರೆ ಲೆಕ್ಕ ಸುಲಭ: ಜರ್ಮನ್ ಗ್ರೇಡಿನಿಂದ 1 ಕಳೆಯಿರಿ, ನಮ್ಮ ಗರಿಷ್ಠ ಮತ್ತು ಪಾಸು ಅಂಕದ ಅಂತರದಿಂದ ಗುಣಿಸಿ, 3ರಿಂದ ಭಾಗಿಸಿ, ಬಂದದ್ದನ್ನು ಗರಿಷ್ಠದಿಂದ ಕಳೆಯಿರಿ. ಗರಿಷ್ಠ 10, ಪಾಸು 4 ಇರುವಲ್ಲಿ 1.3 ಎಂದರೆ 9.4. ಯಾವ ಸೂತ್ರ ಎಂಬುದನ್ನು ಹೊರಡುವ ಮುಂಚೆಯೇ ವಿಭಾಗದ ಮುಖ್ಯಸ್ಥರಿಂದ ಬರೆಸಿಕೊಳ್ಳಿ.

ಪೋರ್ಟ್‌ಫೋಲಿಯೋಗೆ ಮೂರು ನಾಲ್ಕು ಪ್ರಾಜೆಕ್ಟ್ ಸಾಕು. ಗುಂಪಿನ ಕೆಲಸವಾದರೆ ನಿಮ್ಮ ಪಾಲು ಯಾವುದು ಎಂದು ಹೇಳಿ. ನಮ್ಮ ಕಡೆಯ ಕೆಲಸವನ್ನು ವಿವರಿಸದೆ ಬಿಡಬೇಡಿ. ಚನ್ನಪಟ್ಟಣದ ಆಟಿಕೆಯ ಬಣ್ಣಬಣ್ಣದ ಫೋಟೋ ನೋಡಿ ಅಲ್ಲಿಯವರು ಪೇಂಟ್ ಅಂದುಕೊಳ್ಳುತ್ತಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ, ಹಾಗಾಗಿ ಲೇತಿನಲ್ಲಿ ತಿರುಗಿಸಲಾಗದ ಆಕಾರಕ್ಕೆ ಈ ಬಣ್ಣ ಕೂರಿಸುವುದು ಕಷ್ಟ, ಎಂದು ಎರಡು ಸ್ಕೆಚ್‌ನಲ್ಲಿ ತೋರಿಸಿದರೆ ನಿಮ್ಮ ಆಕಾರ ಯಾಕೆ ಹಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ.

ದುಡ್ಡಿನ ಮಾತು ಚಿಕ್ಕದು. ಎಕ್ಸ್‌ಚೇಂಜ್‌ನಲ್ಲಿ ಸಾಮಾನ್ಯವಾಗಿ ಫೀಸು ಇಲ್ಲಿಗೇ ಕಟ್ಟುತ್ತೀರಿ. ಮನೆ, ಊಟ, ವಿಮೆ ನಿಮ್ಮದು. ಜರ್ಮನಿಯ ವೀಸಾಗೆ ಬ್ಲಾಕ್ಡ್ ಅಕೌಂಟ್ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ತೋರಿಸುವುದಾದರೆ 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೋ, ಆರು ತಿಂಗಳಿಗೆ 5,952. ಅರ್ಜಿ ಹಾಕುವ ದಿನದ ಮೊತ್ತವನ್ನು ದೂತಾವಾಸದ ಪುಟದಲ್ಲೇ ನೋಡಿಕೊಳ್ಳಿ, ಆಗಾಗ ಏರುತ್ತದೆ.

ಅಲ್ಲಿಂದ ವಾಪಸ್ ಹೊರಡುವ ವಾರದಲ್ಲಿ ಪ್ರತಿ ಕೋರ್ಸಿನ ಪಠ್ಯವಿವರವನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಬರಲು ವಾರಗಳೇ ಹಿಡಿಯಬಹುದು, ಅಷ್ಟರಲ್ಲಿ ಅಲ್ಲಿಯ ವಿದ್ಯಾರ್ಥಿ ಲಾಗಿನ್ ಮುಚ್ಚಿಹೋಗಿರುತ್ತದೆ. ಅಲ್ಲಿಯ ಆಫೀಸಿಗೆ ಕೊಡುವ ಇಮೇಲ್ ನಿಮ್ಮ ಸ್ವಂತದ್ದಾಗಿರಲಿ.