ಟಗರು ಹೊಡೆಯೋದು, ಗ್ಯಾಂಬಿಟ್ ಬರೆಯೋದು

ಒಬ್ಬರೇ ಆಡುವ ವಿಡಿಯೋ ಗೇಮ್ ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್ 2014ರಲ್ಲಿ ಬಂದಾಗ ಹೊಸಬರಿಗೆಲ್ಲ ಸಿಗುತ್ತಿದ್ದ ಬುದ್ಧಿಮಾತು ಒಂದೇ: ಹಿಂಟರ್‌ಲ್ಯಾಂಡ್ಸ್ ಬಿಟ್ಟು ಬೇಗ ಹೊರಡಿ. ಅದು ಆಟದ ಮೊದಲ ದೊಡ್ಡ ಬಯಲು. ಆಕಾಶ ತೂತಾಗಿದೆ, ರಾಕ್ಷಸರು ಉದುರುತ್ತಿದ್ದಾರೆ, ಮುಚ್ಚುವ ಶಕ್ತಿ ಇರೋದು ನಮ್ಮ ಎಡಗೈಯಲ್ಲಿ. ಆದರೆ ನಾವು ನಿರಾಶ್ರಿತರ ಊಟಕ್ಕೆ ಅಂತ ಟಗರು ಹೊಡೆದು 10 ತುಂಡು ಮಾಂಸ ಕೂಡಿಸುತ್ತಿರುತ್ತೇವೆ!

ಇದು ಆನ್‌ಲೈನ್ ಆಟಗಳಿಂದ ಬಂದ ಚಾಳಿ. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಜನ ಕಟ್ಟುತ್ತಲೇ ಇರಬೇಕಾದರೆ ಕೆಲಸ ಮುಗಿಯಬಾರದು, ಅಲ್ವಾ? ಅಲ್ಲಿ ಹಂದಿ ಹೊಡೆಯೋದೂ ಬೇಜಾರಿನ ಕೆಲಸವೇ. ಆದರೆ ಕಳೆ ಕೀಳುವಾಗ ಹರಟೆಯಲ್ಲೇ ಸಾಲು ಮುಗಿಯುವ ಹಾಗೆ, ಗೆಳೆಯರಿದ್ದರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಒಬ್ಬರೇ ಆಡುವ ಆಟಕ್ಕೆ ಬಂದಿದ್ದು ಹಂದಿ ಮಾತ್ರ, ಗೆಳೆಯರಲ್ಲ.

ಇನ್‌ಕ್ವಿಸಿಷನ್‌ನ ವಾರ್ ಟೇಬಲ್ ನೋಡಿ. ಮೇಜಿನ ಮೇಲೆ ನಕ್ಷೆ, ಪಕ್ಕದಲ್ಲಿ ಮೂವರು ಸಲಹೆಗಾರರು. ಜೋಸೆಫಿನ್‌ಗೋ ಲೆಲಿಯಾನಾಗೋ ಕೆಲಸ ವಹಿಸಿದರೆ ಅದು ಮುಗಿಯೋದು ನಿಜವಾದ ಗಡಿಯಾರದ ಲೆಕ್ಕದಲ್ಲಿ. ಕೆಲವಕ್ಕೆ ನಿಮಿಷ, ಕೆಲವಕ್ಕೆ ಗಂಟೆಗಟ್ಟಲೆ. ಸಾವಿರಾರು ಜನ ಒಂದೇ ಲೋಕದಲ್ಲಿದ್ದರೆ ಎಲ್ಲರಿಗೂ ಒಂದೇ ಗಡಿಯಾರ ಬೇಕು, ಒಪ್ಪುತ್ತೇನೆ. ಇಲ್ಲಿ ಕಾಯುವವನು ನಾನೊಬ್ಬನೇ. ನನ್ನನ್ನು ಸುಮ್ನೆ ಯಾಕೆ ಕಾಯಿಸಬೇಕು? ಕಂಪ್ಯೂಟರ್ ಗಡಿಯಾರವನ್ನು ಒಂದು ದಿನ ಮುಂದಕ್ಕೆ ತಿರುಗಿಸಿದರೆ ದೂತರೆಲ್ಲ ವಾಪಸ್ ಬಂದಿರುತ್ತಾರೆ. ಈ ಕಳ್ಳದಾರಿ ಹಿಡಿಯದವರು ಕಡಿಮೆ ಅಂತ ನನ್ನ ಗುಮಾನಿ.

ಹಾಗಂತ ಆನ್‌ಲೈನ್‌ನಿಂದ ಬಂದಿದ್ದೆಲ್ಲ ಕಸ ಅನ್ನಲಾರೆ. ಫೈನಲ್ ಫ್ಯಾಂಟಸಿ 11 ಆನ್‌ಲೈನ್ ಆಟ, 2002ರದ್ದು. 2006ರ ಫೈನಲ್ ಫ್ಯಾಂಟಸಿ 12 ಒಬ್ಬರ ಆಟ. ಆದರೂ ಹನ್ನೊಂದರ ವಾಸನೆ ಇದರಲ್ಲಿ ಜಾಸ್ತಿ ಇದೆ. ಜಗಳಕ್ಕೆ ಬೇರೆ ಪರದೆ ಇಲ್ಲ, ಬಯಲಲ್ಲೇ ಹೊಡೆದಾಟ. ಒಬ್ಬ ಏಟು ತಿನ್ನಬೇಕು, ಒಬ್ಬರು ವಾಸಿ ಮಾಡಬೇಕು, ಇನ್ನೊಬ್ಬ ಹೊಡೆಯಬೇಕು. ಆನ್‌ಲೈನ್‌ನಲ್ಲಿ ಈ ಜಾಗಗಳಲ್ಲಿ ಮನುಷ್ಯರಿರುತ್ತಾರೆ. ಇಲ್ಲಿ ಗ್ಯಾಂಬಿಟ್ ಇದೆ, ಅಂದರೆ ಜೊತೆಗಾರರು ತಾವಾಗೇ ಪಾಲಿಸುವ ಆಜ್ಞೆಗಳ ಪಟ್ಟಿ. ‘ನಮ್ಮವರ ಎಚ್‌ಪಿ (ಜೀವಶಕ್ತಿ) 50%ಗಿಂತ ಇಳಿದರೆ ಕ್ಯೂರ್ (ವಾಸಿ ಮಾಡುವ ಮಂತ್ರ) ಹಾಕು’ ಅಂತ ಸಾಲು ಸಾಲಾಗಿ ಬರೆದಿಡಬೇಕು. ಮೇಲಿನ ಸಾಲಿಗೆ ಮೊದಲ ಮರ್ಯಾದೆ. ಕ್ಯೂರ್ ಮೇಲಿದ್ದು, ಬಿದ್ದವರನ್ನು ಎಬ್ಬಿಸುವ ಸಾಲು ಕೆಳಗಿದ್ದರೆ ಮುಗೀತು. ನಮ್ಮ ತಂಡದ ಆಶ್ ಗಾಯ ಸವರುತ್ತಾ ಕೂರುತ್ತಾಳೆ, ಜೊತೆಗಾರ ಬಾಷ್ ನೆಲದ ಮೇಲೆ ಬಿದ್ದೇ ಇರುತ್ತಾನೆ. ಯಿಯಾಜ್ಮಾಟ್ ಅನ್ನೋ ಡ್ರ್ಯಾಗನ್‌ಗೆ 5 ಕೋಟಿಗೂ ಜಾಸ್ತಿ ಎಚ್‌ಪಿ. ಅದರ ಮುಂದೆ ಈ ಪಟ್ಟಿಯನ್ನು ತಿದ್ದಿ ತಿದ್ದಿ ನಿಲ್ಲಿಸಿದಾಗಿನ ಖುಷಿಯೇ ಬೇರೆ.

ಮೊಬೈಲ್‌ನಲ್ಲಿ ತಂಡ ಕಟ್ಟಿ ಬಿಜಿಎಂಐ ಅನ್ನೋ ಆನ್‌ಲೈನ್ ಗುಂಡಿನಾಟ ಆಡುವ ಅಕ್ಕನ ಮಗ ಇದನ್ನು ನೋಡಿ, “ಮಾಮ, ಇವರೆಲ್ಲ ನಿನ್ನ ಫ್ರೆಂಡ್ಸಾ?” ಅಂದ. ಇಲ್ಲ ಕಣೋ, ನಾನೇ ಹೇಳಿಕೊಟ್ಟಿದ್ದು ಅಂದೆ. “ಹಾಗಾದ್ರೆ ಮಧ್ಯದಲ್ಲಿ ಬಿಟ್ಟು ಓಡಿಹೋಗಲ್ಲ ಅಲ್ವಾ?” ಪಾಪ, ಏನೇನು ಅನುಭವಿಸಿದ್ದಾನೋ.

2024ರ ಡ್ರ್ಯಾಗನ್ ಏಜ್: ದ ವೇಲ್‌ಗಾರ್ಡ್ ಕೂಡ ನಡುವೆ ಒಂದಷ್ಟು ಕಾಲ ಹಲವರು ಸೇರಿ ಆಡುವ ಆಟವಾಗಿ ತಯಾರಾಗುತ್ತಿತ್ತು. ಆಮೇಲೆ ಒಬ್ಬರ ಆಟಕ್ಕೆ ಮರಳಿತು. ದೊಡ್ಡ ಬಯಲು ಹೋಯಿತು, ವಾರ್ ಟೇಬಲ್‌ನ ಕಾಯುವಿಕೆಯೂ ಹೋಯಿತು. ಆದರೆ ಜೊತೆಗಾರರಿಗೆ ಎಚ್‌ಪಿಯೇ ಇಲ್ಲ, ಹೊಡೆದಾಟದಲ್ಲಿ ಅವರು ಸಾಯುವುದೂ ಇಲ್ಲ. 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್‌ನಲ್ಲಿ ಗ್ಯಾಂಬಿಟ್‌ನಂಥದ್ದೇ ಟ್ಯಾಕ್ಟಿಕ್ಸ್ ಪಟ್ಟಿ ಇತ್ತು. ಅದನ್ನೂ ತೆಗೆದಿದ್ದಾರೆ. ಟಗರು ಹೋಗಿದ್ದಕ್ಕೆ ನನ್ನ ತಕರಾರಿಲ್ಲ. ಪಟ್ಟಿ ತೆಗೆದಿದ್ದು ಯಾಕೆ?