ಫ್ಲ್ಯಾಕ್, ಮಂಕೀಸ್ ಆಡಿಯೊ: ವೇಗ ಅಳೆದ ಭಾನುವಾರ

ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುತ್ತ ಹೋದಂತೆ ಹಾರ್ಡ್‌ಡಿಸ್ಕ್ ತುಂಬಿಬಂತು. ಸೀಡಿ ಗುಣಮಟ್ಟದ ವೇವ್ ಫೈಲ್ ಗಂಟೆಗೆ ಸುಮಾರು 635 ಎಂಬಿ ತಿನ್ನುತ್ತದೆ. ಧ್ವನಿ ಚೂರೂ ಕೆಡದಂತೆ ಕುಗ್ಗಿಸಬೇಕು. ಹಾಗೆ ಕುಗ್ಗಿಸುವ ತಂತ್ರಾಂಶಗಳಲ್ಲಿ ನಾನು ಫ್ಲ್ಯಾಕ್ ಅಂದೆ. ಜೊತೆಗಿದ್ದ ಗೆಳೆಯ ಮಂಕೀಸ್ ಆಡಿಯೊ ಇನ್ನೂ ವೇಗ, ತಾನೇ ಅಳೆದು ನೋಡಿದ್ದೇನೆ ಅಂದ.

ಹೇಗೆ ಅಳೆದೆ ಎಂದು ಕೇಳಿದೆ. ಒಂದು ಪ್ರಸಂಗದ ಫೈಲಿಗೆ ಮೊದಲು ಫ್ಲ್ಯಾಕ್ ಓಡಿಸಿದ್ದನಂತೆ, ಬೆನ್ನಿಗೇ ಮಂಕೀಸ್. ಮೊದಲ ಸಲ ಫೈಲ್ ತಿರುಗುವ ಡಿಸ್ಕಿನಿಂದ ಬರಬೇಕು. ಅಷ್ಟರಲ್ಲಿ ಆಪರೇಟಿಂಗ್ ಸಿಸ್ಟಂ ಅದನ್ನು ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ, ಎರಡನೆಯದಕ್ಕೆ ಅಲ್ಲಿಂದಲೇ ಸಿಗುತ್ತದೆ. ಸಾಲದ್ದಕ್ಕೆ ಫ್ಲ್ಯಾಕ್‌ಗೆ ಹೆಚ್ಚು ಕುಗ್ಗಿಸಲು ಹೆಚ್ಚು ಹೊತ್ತು ಹಿಡಿಯುವ, ಅತಿ ಭಾರದ 8ನೇ ಹಂತ, ಮಂಕೀಸ್‌ಗೆ ಬೇಗ ಮುಗಿಯುವ ‘ಫಾಸ್ಟ್’ ಹಂತ. “ನೀನು ಅಳೆದದ್ದು ಡಿಸ್ಕನ್ನು ಮಾರಾಯ” ಅಂದೆ.

ಭಾನುವಾರ ಇಬ್ಬರೂ ಕೂತೆವು. ಫೈಲ್‌ಗಳನ್ನು ತಿರುಗುವ ಭಾಗವೇ ಇಲ್ಲದ, ವೇಗದ ಎಸ್‌ಎಸ್‌ಡಿಗೆ ಹಾಕಿದೆವು, ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿದೆವು, ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬಿಸಿಯೇರಿದ ಪ್ರೊಸೆಸರ್ ತಾನಾಗಿ ನಿಧಾನವಾಗುತ್ತದೆ. ಹಾಗಾಗಿ ಪ್ರತಿ ಸುತ್ತಿಗೂ ಯಾವುದು ಮೊದಲು ಎಂಬುದನ್ನು ಅದಲು ಬದಲು ಮಾಡಿದೆವು. 2025ರಲ್ಲಿ ಬಂದ ಫ್ಲ್ಯಾಕ್ 1.5 ಪ್ರೊಸೆಸರಿನ ಹಲವು ಕೋರ್‌ಗಳನ್ನು ಒಟ್ಟಿಗೆ ದುಡಿಸಬಲ್ಲದು. ಒಂದಕ್ಕೆ ನಾಲ್ಕು ಕೈ, ಇನ್ನೊಂದಕ್ಕೆ ಒಂದೇ ಕೈ ಆದರೆ ಅದೆಂಥ ಪಂದ್ಯ? ಎರಡಕ್ಕೂ ಒಂದೇ ಕೋರ್ ಕೊಟ್ಟೆವು. ಚೆಂಡೆಯ ಅಬ್ಬರದ ಪದ್ಯ, ಬರೀ ಅರ್ಥಗಾರಿಕೆ, ಟೇಪಿನ ಸುಯ್‌ ಸದ್ದೇ ಜಾಸ್ತಿಯಿದ್ದ ಭಾಗ, ಮೂರನ್ನೂ ಸೇರಿಸಿದೆವು. ಸಮಯದ ಪಕ್ಕದಲ್ಲೇ ಫೈಲಿನ ಗಾತ್ರ ಬರೆದುಕೊಂಡೆವು. ಗಾತ್ರ ಹೇಳದ ವೇಗಕ್ಕೆ ಅರ್ಥವಿಲ್ಲ.

ಫ್ಲ್ಯಾಕ್‌ನ ಮಾಮೂಲಿ 5ನೇ ಹಂತ ಸಲೀಸಾಗಿ ಮುಂದೆ ಹೋಯಿತು. 8ಕ್ಕೆ ಏರಿಸಿದಾಗ ಆ ಅಂತರ ಕರಗಿತು. ಗಾತ್ರದಲ್ಲಿ ಮಂಕೀಸ್ ಗೆದ್ದಿತು, ಅದನ್ನು ಒಪ್ಪಲೇಬೇಕು.

ಆದರೆ ನನಗೆ ಮುಖ್ಯವೆನಿಸಿದ್ದು ಬಿಚ್ಚುವ ವೇಗ. ಕುಗ್ಗಿಸುವುದು ಒಂದೇ ಸಲ, ಕೇಳುವವರು ಎಷ್ಟೋ ವರ್ಷ ಕೇಳುತ್ತಾರೆ, ಅದೂ ಹಳೆಯ ಫೋನುಗಳಲ್ಲಿ. ಫ್ಲ್ಯಾಕ್ ಯಾವ ಹಂತದಲ್ಲಿ ಕುಗ್ಗಿಸಿದ್ದರೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬಿಚ್ಚಿಕೊಳ್ಳುತ್ತದೆ. ಮಂಕೀಸ್‌ಗೆ ಕುಗ್ಗಿಸಲು ಹಿಡಿದಷ್ಟೇ ಹೊತ್ತು ಬಿಚ್ಚಲೂ ಬೇಕು. ಇದನ್ನು ನೋಡಿದ ಮೇಲೆ ಗೆಳೆಯ ವಾದ ಬಿಟ್ಟ.

8ನೇ ಹಂತವನ್ನೇ ಆರಿಸಿದೆವು, ಜೊತೆಗೆ ‘ವೆರಿಫೈ’: ಕುಗ್ಗಿಸುತ್ತಲೇ ಬಿಚ್ಚಿ ಮೂಲದೊಂದಿಗೆ ತಾಳೆ ನೋಡುವ ಆಯ್ಕೆ. ಅದಕ್ಕೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಮೂಲ ವೇವ್ ಅಳಿಸಲಿದ್ದ ನಮಗೆ ಅದನ್ನು ಕೈಬಿಡುವ ಮಾತೇ ಇರಲಿಲ್ಲ.