ಕಿಟಕಿ ಕಟ್ಟೆಯಿಂದ ಒಂದೊಂದಾಗಿ ಹೊರಟ ಹೂಕುಂಡಗಳು

ಜೂನ್ 14, ಮೃಗಶಿರ ಮಳೆ

ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದುಕೊಂಡಿದೆ. ಜಗಲಿಗೆ ಎರಚಲು ಹೊಡೆಯುತ್ತಿದ್ದುದರಿಂದ ಐದು ಕುಂಡಗಳನ್ನು ಮಲಗುವ ಕೋಣೆಯ ಕಿಟಕಿ ಕಟ್ಟೆಗೆ ಸಾಗಿಸಿದೆ: ಸುಗಂಧರಾಜ, ದುಂಡುಮಲ್ಲಿಗೆ, ನರ್ಸರಿಯಿಂದ ತಂದ ಲಿಲ್ಲಿ, ಆಂಥೂರಿಯಂ, ಬ್ರಹ್ಮಕಮಲ. ಅತ್ತೆ ಹೊಸ್ತಿಲಲ್ಲೇ ನಿಂತು, "ರಾತ್ರಿ ಹೊತ್ತು ಗಿಡ ಕೆಟ್ಟ ಗಾಳಿ ಬಿಡುತ್ತದೆ, ಮಲಗುವಲ್ಲಿ ಇಡಬೇಡ ಕಣಮ್ಮ" ಎಂದರು.

ಗಿಡ ರಾತ್ರಿ ಉಸಿರಾಡುವುದು ನಿಜ. ಆದರೆ ಒಂದು ಕುಂಡ ಬಿಡುವ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೇ ಬಾರದಷ್ಟು. ಮನುಷ್ಯನೊಬ್ಬ ದಿನಕ್ಕೆ ಸುಮಾರು 1 ಕಿಲೋದಷ್ಟು ಬಿಡುತ್ತಾನೆ. ಹಾಗೆ ನೋಡಿದರೆ ಮೊದಲು ಹೊರಗೆ ಹಾಕಬೇಕಾದದ್ದು ನಮ್ಮ ಯಜಮಾನರನ್ನು. ಇಷ್ಟನ್ನು ಅತ್ತೆಯ ಮುಂದೆ ಹೇಳಲಿಲ್ಲ.

ಜೂನ್ 19

ಮೂರು ಬೆಳಗು ಸತತವಾಗಿ ತಲೆಭಾರ. ಗುಮಾನಿ ಸುಗಂಧರಾಜದ ಮೇಲೆ. ಹಗಲು ಮೂಗು ಹತ್ತಿರ ಒಯ್ದರಷ್ಟೇ ಕಂಪು. ದೀಪ ಹಚ್ಚುವ ಹೊತ್ತಿಗೆ ಕಡ್ಡಿಯ ಮೇಲಿನ ಮೊಗ್ಗು ಅರಳಿ ಕೋಣೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಇಂಥ ಬಿಳಿ ಹೂಗಳು ಕರೆಯುವುದು ಇರುಳಲ್ಲಿ ಹಾರುವ ಪತಂಗಗಳನ್ನು. ನಾವು ಮಲಗುವ ಹೊತ್ತು ಅವುಗಳಿಗೆ ದುಡಿಮೆಯ ಹೊತ್ತು. ಮಳೆಗೆ ಕಿಟಕಿ ಮುಚ್ಚಿದ್ದರಿಂದ ಆ ಕಂಪಿಗೆ ಹೋಗಲು ದಾರಿಯೂ ಇರಲಿಲ್ಲ. ಕುಂಡವನ್ನು ಪಡಸಾಲೆಗೆ ಒಯ್ದೆ. ಎರಡು ರಾತ್ರಿ ಕಳೆಯಿತು, ತಲೆ ಹಗುರಾಗಿದೆ. ಮಲ್ಲಿಗೆಯನ್ನೂ ಅದರ ಹಿಂದೆಯೇ ಕಳಿಸಿದೆ, ಅರೆಮನಸ್ಸಿನಿಂದ. ಮುಡಿದರೆ ಹಿತವೆನಿಸುವ ಹೂವು ದಿಂಬಿನ ಪಕ್ಕ ಹನ್ನೆರಡು ಅರಳಿದರೆ ಹಿತವಲ್ಲ.

ಜೂನ್ 25, ಆರಿದ್ರಾ ಮಳೆ

ಲಿಲ್ಲಿ ಅರಳಿತು. ಬೆಳಗ್ಗೆ ನೋಡಿದರೆ ದಿಂಬಿನ ಮೇಲೆ ಅರಿಶಿನಕ್ಕೆ ತುಕ್ಕು ಬೆರೆಸಿದಂಥ ಕಲೆ. ಒದ್ದೆ ಬಟ್ಟೆಯಿಂದ ಒರೆಸಿ ಇನ್ನಷ್ಟು ಹರಡಿದೆ. ಪರಾಗವನ್ನು ಉಜ್ಜಬಾರದು, ಅಂಟುಪಟ್ಟಿ ಒತ್ತಿ ಎತ್ತಬೇಕು ಎಂದು ಆಮೇಲೆ ತಿಳಿಯಿತು. ಕತ್ತರಿಯಿಂದ ಕೇಸರಗಳ ತುದಿಯ ಪರಾಗಕೋಶಗಳನ್ನು ಕತ್ತರಿಸಿ ತೆಗೆದು, ಸದ್ಯಕ್ಕೆ ಸಾಕೆಂದುಕೊಂಡೆ.

ಸಾಕಾಗಲಿಲ್ಲ. ಮಧ್ಯಾಹ್ನ ನಮ್ಮ ಬೆಕ್ಕು ಅದೇ ಕಟ್ಟೆಯ ಮೇಲೆ ಕುಳಿತು ಲಿಲ್ಲಿಯ ಎಲೆ ಮೂಸುತ್ತಿತ್ತು. ಲಿಲ್ಲಿಯ ಎಲೆ, ದಳ, ಕೊನೆಗೆ ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ ಬೆಕ್ಕಿನ ಮೂತ್ರಪಿಂಡ ಕೆಟ್ಟು ಸಾಯಬಹುದು. ಅದರ ಮೈಯನ್ನು ಒರೆಸಿ, ಬಾಯಿ ನೋಡಿ, ಸಂಜೆಯವರೆಗೂ ಕಣ್ಣಿಟ್ಟೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಲಿಲ್ಲಿ ಈಗ ಬೆಕ್ಕಿಲ್ಲದ ನಾದಿನಿಯ ಮನೆಯಲ್ಲಿದೆ. ಮಿಕ್ಕ ಗಿಡಗಳದ್ದು ಕೋಣೆ ಬದಲಿಸುವ ಮಾತು, ಇದರದ್ದು ಮನೆಯನ್ನೇ ಬದಲಿಸುವ ಮಾತು.

ಜುಲೈ 10, ಪುನರ್ವಸು ಮಳೆ

ಆಂಥೂರಿಯಂಗೆ ಕಂಪಿಲ್ಲ, ಕಾಟವಿಲ್ಲ ಎಂದು ನೆಮ್ಮದಿಯಾಗಿದ್ದೆ. ಆದರೆ ಕುಂಡದ ಮಣ್ಣಿನ ಮೇಲೆ ಬಿಳಿ ಬೂಷ್ಟು ಹತ್ತಿದೆ, ದೀಪದ ಸುತ್ತ ನುಸಿ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನ ಚಪ್ಪಲಿಗೇ ಬೂಷ್ಟು ಹಿಡಿಯುವಾಗ, ಒದ್ದೆ ಮಣ್ಣನ್ನು ತಲೆದೆಸೆಗೆ ತಂದಿಟ್ಟವಳು ನಾನೇ. ಯಜಮಾನರ ಬೆಳಗಿನ ಸೀನು ಅದರಿಂದಲೋ ಗೊತ್ತಿಲ್ಲ. ಕುಂಡ ಬಚ್ಚಲ ಕಿಟಕಿಗೆ ಹೋದ ಮೇಲೆ ಕಡಿಮೆಯಾಗಿದೆ. ಅಡಿಯ ತಟ್ಟೆಯ ನೀರನ್ನು ದಿನವೂ ಚೆಲ್ಲುತ್ತಿದ್ದೇನೆ.

ಜುಲೈ 29, ಪುಷ್ಯ ಮಳೆ

ಉಳಿದದ್ದು ಬ್ರಹ್ಮಕಮಲ. ಹಿಮಾಲಯದ ಬ್ರಹ್ಮಕಮಲ ಬೇರೆ. ನಮ್ಮ ಮನೆಗಳದ್ದು ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿ ಜಾತಿ. ಅತ್ತೆಯ ಕೆಟ್ಟ ಗಾಳಿಯ ದೂರು ಇದಕ್ಕೆ ಅನ್ವಯಿಸುವುದೇ ಇಲ್ಲ, ಕಳ್ಳಿಗಳು ಇರುಳಲ್ಲೇ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತವೆ.

ನಿನ್ನೆ ಎಂಟರ ಹೊತ್ತಿಗೆ ಮೊಗ್ಗಿನ ಕೊಕ್ಕು ಬಿರಿಯಿತು. ಹೊರಗಿನ ನಸುಗೆಂಪು ಎಸಳುಗಳು ಹಿಂದಕ್ಕೆ ಬಾಗಿದವು, ಒಳಗಿನ ಬಿಳಿಯವು ಒಂದರ ಬೆನ್ನಿಗೆ ಒಂದು ಸಡಿಲಾದವು. ಒಮ್ಮೊಮ್ಮೆ ಇಡೀ ಹೂವು ನಡುಗಿದಂತೆ ಕಂಡಿತು. ಗಿಡ ಬೇಡವೆಂದಿದ್ದ ಅತ್ತೆ ತಾವೇ ಮಣೆ ತಂದು ಎದುರಿಗೆ ಕುಳಿತು, ಕುಂಕುಮ ಇಟ್ಟು ಕೈಮುಗಿದರು. ಹನ್ನೊಂದಕ್ಕೆ ಪೂರ್ತಿ ಅರಳಿತು. ಕಂಪು ಇದರದ್ದೂ ಜೋರೇ, ಆದರೆ ಒಂದೇ ರಾತ್ರಿಯ ಮಾತು. ಬೆಳಗ್ಗೆ ಹಿಂಡಿದ ಕರವಸ್ತ್ರದಂತೆ ಜೋತುಬಿದ್ದಿತ್ತು.

ಇವತ್ತು ಪಕ್ಕದ ಮನೆಯವರು ಗಂಟೆಯಂತೆ ತಲೆಕೆಳಗಾಗಿ ತೂಗುವ ಹೂವಿನ ಉಮ್ಮತ್ತಿಯ ಕಡ್ಡಿ ಕೊಡಲು ಬಂದಿದ್ದರು. ಸಂಜೆಯಾದರೆ ಘಮಘಮ, ಆದರೆ ಬೇರಿನಿಂದ ಹೂವಿನವರೆಗೂ ವಿಷ. ಹಿತ್ತಿಲ ಬೇಲಿಯಾಚೆ, ಮಲಗುವ ಕೋಣೆಯ ಕಿಟಕಿಗೆ ಎದುರಾಗದ ಮೂಲೆಯಲ್ಲಿ ಗುಂಡಿ ತೋಡಿಟ್ಟಿದ್ದೇನೆ. ಮಳೆ ಹೊಳವಾದರೆ ನಾಳೆ ನೆಡುತ್ತೇನೆ.